ಒಂಬತ್ತನೇ ಪುಟದ ಅಡಿಟಿಪ್ಪಣಿ

ತಳದಲ್ಲಿ ತೂತಿರುವ ಒಂದು ಬಕೆಟ್ಟನ್ನು ಅರ್ಧ ನೀರಿರುವಾಗ ನನ್ನ ಮುಂದೆ ತಂದಿಟ್ಟರೆ, ಅದು ಎಷ್ಟು ಹೊತ್ತಿಗೆ ತುಂಬಿತ್ತು ಅಂತ ನಿಮಿಷ ಸಮೇತ ಹೇಳಬಲ್ಲೆ. ಖಾಲಿ ಬಕೆಟ್ಟು ತಂದಿಟ್ಟರೆ ಹೇಳಲಾರೆ. ಅದು ಈಗಷ್ಟೇ ಖಾಲಿಯಾಗಿರಬಹುದು, ನಿನ್ನೆ ಆಗಿರಬಹುದು, ಹೋದ ವರ್ಷವೇ ಆಗಿರಬಹುದು. ಇದು ಎಂ.ಎಸ್ಸಿ. ಮೊದಲ ವರ್ಷದ ಪಾಠ. ಮೂವತ್ತನಾಲ್ಕು ವರ್ಷ ನಾನೇ ಈ ಪಾಠ ಮಾಡಿದ್ದೇನೆ, ತಲೆಗೆ ಹೋಗದವರಿಗೆ ಚೆನ್ನಾಗಿ ಬೈದಿದ್ದೇನೆ. ಅಂಥವಳು ಕೋರ್ಟಿನಲ್ಲಿ ನಿಂತು, ಒಂದು ಖಾಲಿ ಟ್ಯಾಂಕಿನ ಲೆಕ್ಕ ಸರಿಯಾಗಿದೆ ಅಂತ ಹೇಳಿ, ನಿಂಗರಾಜು ಅನ್ನುವ ನೀರುಗಂಟಿಯನ್ನು ಹದಿನಾಲ್ಕು ವರ್ಷ ಜೈಲಿಗೆ ಕಳಿಸಿದೆ. ಅದು ಹೇಗಾಯಿತು ಅಂತ ಬರೆದಿಡಬೇಕು ಅನ್ನಿಸಿದೆ. ಬರೆದರೆ ಏನಾದರೂ ಆಗುತ್ತದೆ ಅನ್ನುವ ಭ್ರಮೆ ನನಗಿಲ್ಲ.

ನನ್ನ ಹೆಸರು ಶಶಿಕಲಾ. ನನ್ನ ವಿಷಯ ಅವಕಲ ಸಮೀಕರಣ. ಹೆಸರು ಕೇಳಿ ಹೆದರಬೇಡಿ, ಮದುವೆ ಮನೆಯಲ್ಲಿ ಯಾರಿಗಾದರೂ ಹೇಳಿದರೆ ತಕ್ಷಣ ಎದ್ದು ಪಾಯಸದ ಕಡೆಗೆ ಹೋಗುತ್ತಾರೆ. ವಿಷಯ ಸುಲಭದ್ದೇ. ಒಂದು ವಸ್ತು ಈಗ ಎಷ್ಟಿದೆ, ಎಷ್ಟು ಬೇಗ ಬದಲಾಗುತ್ತಿದೆ ಅಂತ ಗೊತ್ತಿದ್ದರೆ, ಮುಂದಿನ ಕ್ಷಣ ಎಷ್ಟಿರುತ್ತದೆ ಅಂತ ಹೇಳಬಹುದು. ಅಲ್ಲಿ ನಿಂತು ಅದರ ಮುಂದಿನದನ್ನು ಹೇಳಬಹುದು. ಹೀಗೆ ಒಂದೊಂದೇ ಹೆಜ್ಜೆ ಇಟ್ಟು ಹೋಗುವುದು. ಎಲ್ಲರೂ ಮುಂದಕ್ಕೆ ಹೋಗುತ್ತಿದ್ದರು, ನಾನು ಹಿಂದಕ್ಕೆ ಹೋದೆ. ಆರಿದ ಕಾಫಿಯಿಂದ ಬಿಸಿ ಕಾಫಿಗೆ, ಒಣಗಿದ ನೆಲದಿಂದ ಒದ್ದೆ ನೆಲಕ್ಕೆ. ಹಿಂದಕ್ಕೆ ಹೋಗುವುದು ಕಷ್ಟ. ಸಣ್ಣ ತಪ್ಪೂ ಹೆಜ್ಜೆಹೆಜ್ಜೆಗೆ ದೊಡ್ಡದಾಗಿ, ಹತ್ತು ನಿಮಿಷ ಹಿಂದೆ ಹೋಗುವಷ್ಟರಲ್ಲಿ ಲೆಕ್ಕ ಅಡ್ಡಾದಿಡ್ಡಿ ಆಗಿಬಿಡುತ್ತದೆ. ಆ ತಪ್ಪು ಬೆಳೆಯದಂತೆ ಹಿಡಿದಿಟ್ಟು ಮೂರು ದಿನದಷ್ಟು ಹಿಂದೆ ಹೋಗಬಹುದು ಅಂತ ಸಾಧಿಸಿದ್ದು ನಾನು. ಇಪ್ಪತ್ತಾರು ಪುಟದ ಪ್ರಬಂಧ, ಹನ್ನೊಂದು ವರ್ಷದ ದುಡಿಮೆ. ಪ್ರಪಂಚದಲ್ಲಿ ನಲವತ್ತು ಜನ ಓದಿರಬಹುದು.

ಆ ನಲವತ್ತರಲ್ಲಿ ಒಬ್ಬ ನನ್ನ ವಿದ್ಯಾರ್ಥಿ ಶ್ರೀವತ್ಸ. ಅವನು ಅದನ್ನು ಯಂತ್ರ ಮಾಡಿದ. ಹೆಸರು ‘ಹಿನ್ನೋಟ’, ಜನ ಕರೆಯುವುದು ಪೆಟ್ಟಿಗೆ ಅಂತ. ಹೊಲಿಗೆ ಮೆಷಿನ್ನಿನ ಮುಚ್ಚಳದಷ್ಟು ದೊಡ್ಡದು. ಒಂದು ಕೋಣೆಯಲ್ಲಿಟ್ಟು ಗುಂಡಿ ಒತ್ತಿದರೆ ಗೋಡೆಯ ಕಾವು, ನೆಲದ ತೇವ, ಧೂಳಿನ ದಪ್ಪ, ಲೋಟದಲ್ಲಿ ಉಳಿದ ನೀರು ಎಲ್ಲವನ್ನೂ ಅಳೆದುಕೊಂಡು ಹಿಂದಕ್ಕೆ ಲೆಕ್ಕ ಹಾಕುತ್ತದೆ. ಅರ್ಧ ಗಂಟೆಯಲ್ಲಿ ಆ ಕೋಣೆಯ ಮೂರು ದಿನದ ಕಥೆ ಅಚ್ಚಾಗಿ ಬರುತ್ತದೆ. ಸೋಮವಾರ 2.14ಕ್ಕೆ ಕಿಟಕಿ ತೆರೆಯಲಾಯಿತು. 2.20ಕ್ಕೆ ಒಬ್ಬ ವ್ಯಕ್ತಿ ಮಂಚದ ಮೇಲೆ ಕೂತ. ಹೀಗೆ. ಮೊದಲ ಪೆಟ್ಟಿಗೆಯನ್ನು ಶ್ರೀವತ್ಸ ನಮ್ಮ ಮನೆಗೇ ತಂದು, ಕಾಲಿಗೆ ನಮಸ್ಕಾರ ಮಾಡಿ ಕೊಟ್ಟ. ನನಗೆ ಹೆಮ್ಮೆಯಿಂದ ಕಣ್ಣು ತುಂಬಿಬಂತು. ಇಲ್ಲ ಅಂತ ಯಾಕೆ ಸುಳ್ಳು ಹೇಳಲಿ.

ನಾಲ್ಕೈದು ವರ್ಷದಲ್ಲಿ ಪೆಟ್ಟಿಗೆ ಎಲ್ಲ ಕಡೆ ಬಂತು. ಬಾಡಿಗೆಗೆ ಸಿಗತೊಡಗಿತು. ಹಾಲು ಉಕ್ಕಿಸಿದ್ದು ಯಾರು ಅಂತ ಅತ್ತೆ ಸೊಸೆ ಜಗಳವಾಡುವುದು ನಿಂತಿತು, ‘ಪೆಟ್ಟಿಗೆ ಹಾಕಿಸೋಣ’ ಅಂದರೆ ಸಾಕು. ಹಾಸ್ಟೆಲ್ಲಿನಲ್ಲಿ, ಆಫೀಸಿನಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ಇಟ್ಟರು. ಆಮೇಲೆ ಪೊಲೀಸರು ತಂದರು, ಆಮೇಲೆ ಕೋರ್ಟು ಒಪ್ಪಿತು. ಕೊನೆಗೆ ಒಂದು ಕಾನೂನೇ ಆಯಿತು. ಪೆಟ್ಟಿಗೆಯ ವರದಿಗೂ ಸಾಕ್ಷಿಯ ಮಾತಿಗೂ ತಾಳೆಯಾಗದಿದ್ದರೆ ಸಾಕ್ಷಿಗೆ ಮರೆವು ಅಂತ ತಿಳಿಯಬೇಕು. ಸಾಕ್ಷಿ ಸುಳ್ಳು ಹೇಳಿದ ಅಂತ ಯಾರೂ ಅವಮಾನ ಮಾಡುತ್ತಿರಲಿಲ್ಲ. ಪಾಪ, ಮರೆತಿದ್ದಾನೆ ಅನ್ನುತ್ತಿದ್ದರು.

ಜನಕ್ಕೆ ತಮ್ಮ ನೆನಪಿನ ಮೇಲೇ ನಂಬಿಕೆ ಹೋಗಿದ್ದನ್ನು ನಾನು ಮೊದಲು ನೋಡಿದ್ದು ನಮ್ಮ ಮನೆಯಲ್ಲೇ. ನನ್ನ ಗಂಡ ದಯಾನಂದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಬಸ್ಸಿನಲ್ಲಿ ಒಮ್ಮೆ ನೋಡಿದವರ ಮುಖವನ್ನು ಒಂದು ವಾರ ಬಿಟ್ಟು ಬರೆಯುತ್ತಿದ್ದ ಮನುಷ್ಯ. ಆ ಮನುಷ್ಯ ಬಿ.ಪಿ. ಮಾತ್ರೆ ನುಂಗಿ ಐದು ನಿಮಿಷಕ್ಕೆ ಪೆಟ್ಟಿಗೆಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಲೋಟದಲ್ಲಿ ನೀರು ಎಷ್ಟು ಕಡಿಮೆಯಾಗಿದೆ ಅಂತ ನೋಡಿ ಅದು ಹೇಳಬೇಕು, ‘8.05ಕ್ಕೆ ನುಂಗಲಾಯಿತು’ ಅಂತ. ನಾನು ನೋಡಿದೆನಲ್ಲ ನೀವು ನುಂಗಿದ್ದು ಅಂದರೆ, ನಿನಗೇನು ಗೊತ್ತು ಸುಮ್ಮನಿರು ಅನ್ನುತ್ತಿದ್ದರು. ನಗು ಬರುತ್ತಿತ್ತು ನನಗೆ. ನನ್ನ ಲೆಕ್ಕದ ಮೇಲೆ ನನಗಿಂತ ಇವರಿಗೇ ಜಾಸ್ತಿ ನಂಬಿಕೆಯಲ್ಲ ಅಂತ ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಹುಣಸೇಕಟ್ಟೆಯ ಬೆಂಕಿ ಬಿದ್ದದ್ದು ಒಂದು ಮಂಗಳವಾರ ಸಂಜೆ ಆರು ಗಂಟೆಗೆ. ಗಾರ್ಮೆಂಟ್ಸ್ ಕಟ್ಟಡ, ಎರಡನೇ ಮಹಡಿ, ಶಿಫ್ಟು ಬಿಡುವ ಹೊತ್ತು. ಪಕ್ಕದಲ್ಲೇ ನಗರಸಭೆಯ ಟ್ಯಾಂಕಿತ್ತು, ಬೆಂಕಿ ಆರಿಸುವುದಕ್ಕೆ ಅಂತಲೇ ಮೀಸಲಿಟ್ಟ ಒಂದು ಲಕ್ಷ ಲೀಟರಿನ ಟ್ಯಾಂಕು. ಅಗ್ನಿಶಾಮಕದವರು ಪೈಪು ಜೋಡಿಸಿದರೆ ಒಂದು ಹನಿ ನೀರಿಲ್ಲ. ಟ್ಯಾಂಕು ತೊಳೆಯುವಾಗ ನೀರು ಬಿಡುವ ಕೆಳಗಿನ ವಾಲ್ವು ಹನ್ನೊಂದು ಸುತ್ತು ಬಿಚ್ಚಿಕೊಂಡಿತ್ತು. ನೀರೆಲ್ಲ ಚರಂಡಿಗೆ ಹೋಗಿತ್ತು. ಇನ್ನೊಂದು ಟ್ಯಾಂಕರು ಬರುವಷ್ಟರಲ್ಲಿ ಇಪ್ಪತ್ತಮೂರು ಹೆಣ್ಣುಮಕ್ಕಳು ಸತ್ತರು.

ವಾಲ್ವು ಬಿಚ್ಚಿದ್ದು ಯಾರು? ಟ್ಯಾಂಕು ನೋಡಿಕೊಳ್ಳುತ್ತಿದ್ದವರು ಮೂವರು ನೀರುಗಂಟಿಗಳು, ಮೂರು ಪಾಳಿ. ಟ್ಯಾಂಕು ತುಂಬಿತ್ತು ಅಂತ ಕಡೆಯದಾಗಿ ನೋಡಿ ಬರೆದದ್ದು ಸೋಮವಾರ ಬೆಳಿಗ್ಗೆ ಆರಕ್ಕೆ. ನೀರಿನ ಮಟ್ಟ ತೋರಿಸುವ ಮೀಟರು ಕೆಟ್ಟು ಒಂದು ವರ್ಷವಾಗಿತ್ತು. ಟ್ಯಾಂಕಿನ ಒಳಗೋಡೆಯ ತೇವವನ್ನಾದರೂ ಪೆಟ್ಟಿಗೆ ಅಳೆದಿದ್ದರೆ ಎಷ್ಟು ಹೊತ್ತಿನಿಂದ ಖಾಲಿಯಿತ್ತು ಅಂತ ಗೊತ್ತಾಗುತ್ತಿತ್ತು. ಆದರೆ ಮಾರನೇ ದಿನ ಮಂತ್ರಿಗಳು ನೋಡಲು ಬರುತ್ತಾರೆ, ಖಾಲಿ ಟ್ಯಾಂಕು ಕಂಡರೆ ಮರ್ಯಾದೆ ಹೋಗುತ್ತದೆ ಅಂತ ನಗರಸಭೆಯ ಮಹಾನುಭಾವರು ಬೆಳಗಾಗುವಷ್ಟರಲ್ಲಿ ಟ್ಯಾಂಕು ತುಂಬಿಸಿ, ಹೊರಗಡೆ ಸುಣ್ಣ ಬೇರೆ ಹೊಡೆಸಿದ್ದರು. ಹಾಗಾಗಿ ಪೆಟ್ಟಿಗೆ ತಾನೇ ಅಳೆದದ್ದು ಏನೂ ಇರಲಿಲ್ಲ, ಅದಕ್ಕೆ ಸಿಕ್ಕಿದ್ದು ಪೊಲೀಸರು ಕೈಯಾರೆ ಒತ್ತಿ ಕೊಟ್ಟ ಅಂಕಿಗಳು ಮಾತ್ರ. ವಾಲ್ವು ಹನ್ನೊಂದು ಸುತ್ತು ಬಿಚ್ಚಿತ್ತು, ಆರು ಗಂಟೆಗೆ ಟ್ಯಾಂಕು ಖಾಲಿಯಿತ್ತು. ಪೆಟ್ಟಿಗೆ ಹಿಂದಕ್ಕೆ ಲೆಕ್ಕ ಹಾಕಿ ಅಚ್ಚು ಹಾಕಿತು: ಮಂಗಳವಾರ ಸಂಜೆ 4.10ಕ್ಕೆ ವಾಲ್ವು ತೆರೆಯಲಾಯಿತು. ಆ ಪಾಳಿ ನಿಂಗರಾಜುವಿನದು.

ಸರ್ಕಾರದ ಪರವಾಗಿ ನನ್ನನ್ನು ತಜ್ಞಸಾಕ್ಷಿ ಅಂತ ಕರೆದರು. ಇಸ್ತ್ರಿ ಮಾಡಿದ ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ. ನಿಮ್ಮ ಪ್ರಬಂಧದ ಪ್ರಮೇಯ ಸರಿಯಿದೆಯೇ ಅಂತ ಕೇಳಿದರು, ಸರಿಯಿದೆ ಅಂದೆ. ಇದುವರೆಗೆ ಯಾರಾದರೂ ತಪ್ಪು ತೋರಿಸಿದ್ದಾರೆಯೇ ಅಂದರು, ಇಲ್ಲ ಅಂದೆ. ಯಾವ ಕೇಸು, ಟ್ಯಾಂಕು ಹೇಗಿತ್ತು, ಅಂಕಿ ಎಲ್ಲಿಂದ ಬಂತು ಅಂತ ನಾನೂ ಕೇಳಲಿಲ್ಲ. ಅದು ನನ್ನ ಕೆಲಸವಲ್ಲ ಅಂದುಕೊಂಡಿದ್ದೆ. ಪ್ರಮೇಯ ಹುಟ್ಟಿಸಿದವಳು ಟ್ಯಾಂಕು ನೋಡುವುದೇ? ಅಷ್ಟು ಕೊಬ್ಬು ನನಗೆ.

ನಿಂಗರಾಜು ಕಟಕಟೆಯಲ್ಲಿದ್ದ. ಮೂವತ್ತೆಂಟರ ವಯಸ್ಸು, ಸಣಕಲು ಆಳು, ಶರಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದ. ಅವನು ಒಂದೇ ಮಾತು ಹೇಳಿದ. ಮಂಗಳವಾರ ಮಗಳಿಗೆ ಜ್ವರ ಬಂದಿತ್ತು, ಮುಕ್ಕಾಲು ನಾಲ್ಕಕ್ಕೆ ಮನೆಗೆ ಹೋದೆ, ಐದರವರೆಗೂ ಒದ್ದೆ ಬಟ್ಟೆ ಹಾಕುತ್ತಾ ಅವಳ ಹತ್ತಿರ ಕೂತಿದ್ದೆ. ಕೆಲಸ ಬಿಟ್ಟು ಹೋದದ್ದು ತಪ್ಪು, ಅದಕ್ಕೆ ಏನು ಬೇಕಾದರೂ ಮಾಡಿ, ವಾಲ್ವು ಮಾತ್ರ ನಾನು ಮುಟ್ಟಿಲ್ಲ. ಅವನ ಹೆಂಡತಿ ಪವಿತ್ರಳೂ ಹಾಗೇ ಹೇಳಿದಳು. ಮನೆಯಲ್ಲಿ ಪೆಟ್ಟಿಗೆ ಹಾಕಿಸಿ ನೋಡಬಹುದಿತ್ತು, ಆದರೆ ಅವನನ್ನು ಹಿಡಿದದ್ದೇ ಎಂಟು ದಿನದ ಮೇಲೆ. ಪೆಟ್ಟಿಗೆಗೆ ಕಾಣುವುದು ಮೂರೇ ದಿನ. ನ್ಯಾಯಾಧೀಶರು ಒಳ್ಳೆಯವರು, ಇಬ್ಬರಿಗೂ ಸಮಾಧಾನವಾಗಿಯೇ ಹೇಳಿದರು, ಮನುಷ್ಯರಿಗೆ ಮರೆವು ಸಹಜ, ಇದರಲ್ಲಿ ನಾಚಿಕೆಪಡುವಂಥದ್ದು ಇಲ್ಲ ಅಂತ. ಹದಿನಾಲ್ಕು ವರ್ಷ ಕೊಟ್ಟರು.

ಮೂರು ವಾರವಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಪವಿತ್ರ ನಮ್ಮ ಮನೆಗೆ ಬಂದಳು. ಅಂಗನವಾಡಿಯಲ್ಲಿ ಸಹಾಯಕಿ. ನಾನು ದೋಸೆ ಹುಯ್ಯುತ್ತಿದ್ದೆ. ಒಳಗೆ ಬಾಮ್ಮ ಅಂದರೆ ಬರಲಿಲ್ಲ, ಕಾಫಿ ಬೇಡ ಅಂದಳು. ಬೈಯುವುದಕ್ಕೆ ಬಂದಿದ್ದಾಳೆ ಅಂದುಕೊಂಡು ಗಟ್ಟಿಮನಸ್ಸು ಮಾಡಿಕೊಂಡು ನಿಂತೆ. ಅವಳು ಬೈಯಲಿಲ್ಲ.

“ಒಂದು ಕೇಳ್ಬೇಕಿತ್ತು ಮೇಡಂ, ತಪ್ಪು ತಿಳ್ಕೋಬೇಡಿ. ಸೋಮವಾರ ರಾತ್ರಿನೇ ಯಾರೋ ವಾಲ್ವ್ ಬಿಚ್ಚಿಟ್ಟಿದ್ರು ಅಂತ ಅಂದ್ಕೊಳಿ. ಮಂಗಳವಾರ ಸಂಜೆ ಆರು ಗಂಟೆಗೆ ಆ ಟ್ಯಾಂಕು ಬೇರೆ ಥರ ಇರ್ತಿತ್ತಾ?”

ಉತ್ತರ ಕೊಡಲು ಬಾಯಿ ತೆರೆದೆ. ಒಳಗೆ ದೋಸೆ ಸೀಯುವ ವಾಸನೆ ಬರುತ್ತಿತ್ತು, ದಯಾನಂದ ಏನೋ ಕೂಗುತ್ತಿದ್ದರು.

“ಇಲ್ಲಮ್ಮ,” ಅಂದೆ. “ಹಾಗೇ ಇರ್ತಿತ್ತು.”

“ಮತ್ತೆ ನಾಲ್ಕೂ ಹತ್ತು ಅಂತ ಹೆಂಗೆ ಗೊತ್ತಾಯ್ತು?”

ಗೊತ್ತಿಲ್ಲ ಅಂದೆ. ಸುಳ್ಳಲ್ಲ, ಆ ಹೊತ್ತಿಗೆ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ತುಂಬಿದ ಟ್ಯಾಂಕು ಆ ವಾಲ್ವಿನಲ್ಲಿ ಖಾಲಿಯಾಗಲು ಒಂದು ಗಂಟೆ ಐವತ್ತು ನಿಮಿಷ ಬೇಕು. ಆರು ಗಂಟೆಗೆ ಖಾಲಿಯಿರಬೇಕಾದರೆ ತಡವೆಂದರೆ ನಾಲ್ಕೂ ಹತ್ತಕ್ಕೆ ಬಿಚ್ಚಿರಬೇಕು. ತಡವೆಂದರೆ. ಸೋಮವಾರ ಬೆಳಿಗ್ಗೆಯಿಂದ ಮಂಗಳವಾರ ನಾಲ್ಕೂ ಹತ್ತರವರೆಗೆ ಯಾವ ಗಳಿಗೆಯಾದರೂ ಆಗಬಹುದಿತ್ತು, ಮೂರರಲ್ಲಿ ಯಾವ ಪಾಳಿಯಾದರೂ ಆಗಬಹುದಿತ್ತು. ಅಷ್ಟು ಗಳಿಗೆಗಳಲ್ಲಿ ಕಟ್ಟಕಡೆಯದನ್ನೇ ಪೆಟ್ಟಿಗೆ ಯಾಕೆ ಆರಿಸಿತು? ಆರಿಸು ಅಂತ ಯಾರೋ ಹೇಳಿರಬೇಕಲ್ಲ.

ಮಾರನೇ ದಿನವೇ ಶ್ರೀವತ್ಸನ ಕಂಪನಿಗೆ ಹೋದೆ. ದೊಡ್ಡ ನಿಯಂತ್ರಣ ಕೊಠಡಿ, ಗೋಡೆ ತುಂಬ ಪರದೆ. ರಾಜ್ಯದಲ್ಲಿ ಆ ಕ್ಷಣ ಕೆಲಸ ಮಾಡುತ್ತಿರುವ ಪೆಟ್ಟಿಗೆಗಳೆಲ್ಲ ಅಲ್ಲಿ ಹಸಿರು ಚುಕ್ಕಿಗಳಾಗಿ ಕಾಣುತ್ತಿದ್ದವು, ನಲವತ್ತು ಸಾವಿರ ಮನೆ, ಅಂಗಡಿ, ಠಾಣೆ. ಹತ್ತಿಪ್ಪತ್ತು ಹುಡುಗ ಹುಡುಗಿಯರು ಕಿವಿಗೆ ಏನೋ ಸಿಕ್ಕಿಸಿಕೊಂಡು ಕೂತಿದ್ದರು. ನಾನು ಬಂದೆ ಅಂತ ಎಲ್ಲರೂ ಎದ್ದು ನಿಂತರು. ಶ್ರೀವತ್ಸನಿಗೆ ಹೇಳಿದೆ, ನೀರು ಶೂನ್ಯಕ್ಕೆ ಮುಟ್ಟಿದಾಗ ಪೆಟ್ಟಿಗೆ ಏನು ಮಾಡುತ್ತದೆ, ಆ ಜಾಗ ತೋರಿಸು ಅಂತ. ಅವನು ನಗುತ್ತಲೇ ಹುಡುಕಿದ. ಅದು ನಿಮ್ಮದೇ ಮೇಡಂ ಅಂದ. ಪರದೆಯ ಮೇಲೆ ಆ ಸಾಲು ಬಂತು, ಪಕ್ಕದಲ್ಲಿ ಯಾರೋ ಶ್ರದ್ಧೆಯಿಂದ ಬರೆದಿಟ್ಟಿದ್ದರು: ‘ಆಧಾರ: ಶಶಿಕಲಾ, ಪುಟ ಒಂಬತ್ತು, ಅಡಿಟಿಪ್ಪಣಿ.’

ಆ ಅಡಿಟಿಪ್ಪಣಿ ನನಗೆ ಬಾಯಿಪಾಠ ಬರುತ್ತದೆ ಈಗ. ‘ಪರಿಮಾಣವು ಶೂನ್ಯವನ್ನು ಮುಟ್ಟಿದ ಸಂದರ್ಭದಲ್ಲಿ ಆರಂಭದ ಗಳಿಗೆ ಹಲವು ಇರಬಹುದು, ಅನುಕೂಲಕ್ಕಾಗಿ ಅವುಗಳಲ್ಲಿ ಕಡೆಯದನ್ನು ತೆಗೆದುಕೊಳ್ಳೋಣ.’ ಗಣಿತದವರಿಗೆ ಇದು ದಿನನಿತ್ಯದ ಅಭ್ಯಾಸ. ಹತ್ತು ಉತ್ತರವಿದ್ದು, ಯಾವುದನ್ನು ಹಿಡಿದರೂ ಮುಂದಿನ ವಾದ ನಿಲ್ಲುತ್ತದೆ ಅಂತಿದ್ದರೆ, ಒಂದನ್ನು ಹಿಡಿದು ಮುಂದೆ ನಡೆಯುತ್ತೇವೆ. ಉಳಿದ ಒಂಬತ್ತು ಸುಳ್ಳು ಅಂತ ಅದರರ್ಥವಲ್ಲ. ನಾವು ನಾವೇ ಓದಿಕೊಳ್ಳುವಾಗ ಅದು ಎಲ್ಲರಿಗೂ ಗೊತ್ತಿರುತ್ತದೆ, ಆದ್ದರಿಂದ ಯಾರೂ ಬಿಡಿಸಿ ಹೇಳುವುದಿಲ್ಲ. ನಾನು ಆ ಸಾಲು ಬರೆದದ್ದು ಕುಕ್ಕರು ಎರಡನೇ ಸಲ ಕೂಗುವುದಕ್ಕೂ ಮೂರನೇ ಸಲ ಕೂಗುವುದಕ್ಕೂ ನಡುವೆ. ಎದ್ದು ಹೋಗಬೇಕಿತ್ತು, ಬೇಗ ಮುಗಿಸಿದೆ.

ನನ್ನ ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಅಂತ ಗೊತ್ತಾಗದೆ ಶ್ರೀವತ್ಸನ ಮೇಲೆ ಕೂಗಾಡಿದೆ. ಅಂಥ ಕಡೆ ‘ಗೊತ್ತಿಲ್ಲ’ ಅಂತ ಅಚ್ಚು ಹಾಕಿಸಬೇಕಿತ್ತು ನೀನು, ಇಷ್ಟರಿಂದ ಇಷ್ಟರೊಳಗೆ ಅಂತಲಾದರೂ ಹಾಕಿಸಬೇಕಿತ್ತು ಅಂದೆ. ಗೊತ್ತಿಲ್ಲ ಅನ್ನುವ ಪೆಟ್ಟಿಗೆಯನ್ನು ಯಾವ ಠಾಣೆಯವರು ಇಟ್ಟುಕೊಳ್ಳುತ್ತಾರೆ ಮೇಡಂ ಅಂತ ಅವನು ಮೆಲ್ಲಗೆ ಕೇಳಿದ. ಆಮೇಲೆ ಅವನೇ ಕೂತು ಹಳೆಯ ವರದಿಗಳನ್ನೆಲ್ಲ ಜಾಲಾಡಿದ. ಶೂನ್ಯ ಮುಟ್ಟಿ ಆ ಅಡಿಟಿಪ್ಪಣಿಯ ಪ್ರಕಾರ ಗಳಿಗೆ ಆರಿಸಿದ ವರದಿಗಳಲ್ಲಿ ಕೋರ್ಟಿಗೆ ಹೋದವು ಇನ್ನೂರ ಹದಿನಾಲ್ಕು. ಖಾಲಿಯಾದ ಸಿಲಿಂಡರು, ಇಳಿದುಹೋದ ಬ್ಯಾಟರಿ, ಮುಗಿದುಹೋದ ಸಲೈನು ಬಾಟಲಿ. ಎಲ್ಲದರಲ್ಲೂ ಕಡೆಯ ಪಾಳಿಯವರೇ ಸಿಕ್ಕಿಬಿದ್ದಿದ್ದರು. ಅವನು ಅತ್ತ. ಅತ್ತು ಕಣ್ಣೊರೆಸಿಕೊಂಡು, ಇದನ್ನು ಹೊರಗೆ ಹೇಳಬೇಡಿ ಮೇಡಂ, ಮುಂದಿನ ಪೆಟ್ಟಿಗೆಯಲ್ಲಿ ಸರಿಮಾಡುತ್ತೇನೆ, ನಾಲ್ಕು ಸಾವಿರ ಜನ ಕೆಲಸ ಮಾಡುತ್ತಿದ್ದಾರೆ ಇಲ್ಲಿ ಅಂತ ಕೈಮುಗಿದ.

ನಾನು ಹೊರಗೆ ಹೇಳಿದೆ. ಪ್ರಬಂಧ ಅಚ್ಚಾಗಿದ್ದ ಪತ್ರಿಕೆಗೆ ತಿದ್ದುಪಡಿ ಕಳಿಸಿದೆ, ಏಳು ತಿಂಗಳ ಮೇಲೆ ಕೊನೇ ಪುಟದಲ್ಲಿ ಆರು ಸಾಲು ಹಾಕಿದರು. ದಿನಪತ್ರಿಕೆಗಳಿಗೆ ಬರೆದೆ. ಟಿ.ವಿ.ಯವರು ಕರೆದರು, ಹಾಗಾದರೆ ಪೆಟ್ಟಿಗೆ ಸುಳ್ಳು ಹೇಳುತ್ತದೆಯೇ, ಹೌದು ಅಥವಾ ಇಲ್ಲ ಅಂತ ಹೇಳಿ ಅಂದರು. ಹೌದೂ ಅಲ್ಲ, ಇಲ್ಲವೂ ಅಲ್ಲ ಅಂತ ಶುರು ಮಾಡುವಷ್ಟರಲ್ಲಿ ಜಾಹೀರಾತು ಬಂತು. ವಯಸ್ಸಾಯಿತು, ಮರೆವು ಬಂದಿದೆ, ತನ್ನ ಪ್ರಮೇಯವನ್ನೇ ಮರೆತಿದ್ದಾಳೆ ಪಾಪ ಅಂತ ಜನ ಮಾತಾಡಿಕೊಂಡರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹುಣಸೇಕಟ್ಟೆಗೂ ಹೋದೆ. ಬೆಂಕಿಯಲ್ಲಿ ಮಗಳನ್ನು ಕಳೆದುಕೊಂಡ ಒಬ್ಬ ತಾಯಿ, ಕೆಂಪಮ್ಮ ಅಂತ, ನನ್ನ ಮಾತನ್ನು ಪೂರ್ತಿ ಕೇಳಿದಳು. ಕೇಳಿ, ಇಪ್ಪತ್ತಮೂರು ಜನ ಸತ್ತದ್ದಕ್ಕೆ ಒಬ್ಬನಾದರೂ ಸಿಕ್ಕಿದ್ದ ಅಂತ ಹೊಟ್ಟೆಗೆ ಒಂದಿಷ್ಟು ತಂಪಿತ್ತು, ಅವನನ್ನೂ ಬಿಡಿಸಿಬಿಟ್ಟರೆ ನಾನು ಯಾರ ಹೆಸರು ಹಿಡಿದು ಶಾಪ ಹಾಕಲಿ ಹೇಳಿ ಅಂದಳು. ನನ್ನ ಹೆಸರು ಹಿಡಿಯಿರಿ ಅಂದೆ. ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಸಿಟ್ಟಿನಲ್ಲಿ ಮನೆಗೆ ಬಂದು ನಮ್ಮ ಪೆಟ್ಟಿಗೆಯ ವೈರು ಕಿತ್ತು ಅಟ್ಟಕ್ಕೆ ಹಾಕಿದೆ. ನಾಲ್ಕು ದಿನ ಹೇಗೋ ನಡೆಯಿತು. ದಯಾನಂದ ಮಾತ್ರೆಯ ಡಬ್ಬಿ ತೆಗೆಯುವುದು, ಮುಚ್ಚುವುದು, ನನ್ನ ಮುಖ ನೋಡುವುದು. ನುಂಗಿದಿರಿ ಅಂತ ನಾನು ಹೇಳಿದರೆ ತಲೆಯಾಡಿಸುತ್ತಿದ್ದರು, ಆದರೆ ನಂಬುತ್ತಿರಲಿಲ್ಲ ಅಂತ ನನಗೆ ಗೊತ್ತಾಗುತ್ತಿತ್ತು. ಐದನೇ ದಿನ ನಾನು ಸಂತೆಗೆ ಹೋದಾಗ ಮೂರು ಸಲ ನುಂಗಿಬಿಟ್ಟಿದ್ದರು. ಬಂದು ನೋಡಿದರೆ ಹಜಾರದಲ್ಲಿ ಬಿದ್ದಿದ್ದರು. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಉಳಿಸಿಕೊಟ್ಟರು. ಮನೆಗೆ ಕರೆದುಕೊಂಡು ಬಂದವಳೇ ಏಣಿ ಹಾಕಿ ಅಟ್ಟ ಹತ್ತಿ ಪೆಟ್ಟಿಗೆ ಇಳಿಸಿದೆ, ಧೂಳು ಒರೆಸಿ ವೈರು ಜೋಡಿಸಿದೆ. ಹಸಿರು ದೀಪ ಹತ್ತಿದಾಗ ಅವರ ಮುಖದಲ್ಲಿ ಬಂದ ನಿರಾಳ ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ಇಷ್ಟರ ನಡುವೆ ಒಬ್ಬರೇ ಒಬ್ಬರು ನನ್ನ ಮಾತು ಕಿವಿಗೆ ಹಾಕಿಕೊಂಡದ್ದು ವಕೀಲರು, ಇಮ್ತಿಯಾಜ್ ಅಹಮದ್. ಪಿ.ಯು.ಸಿ.ಯಲ್ಲಿ ಗಣಿತದಲ್ಲಿ ಎರಡು ಸಲ ಫೇಲಾದವನು ನಾನು, ನನಗೆ ಅರ್ಥವಾಗುವ ಹಾಗೆ ಹೇಳಿದರೆ ಜಡ್ಜಿಗೂ ಅರ್ಥವಾಗುತ್ತದೆ ಅಂತ ನನ್ನನ್ನು ಎದುರಿಗೆ ಕೂರಿಸಿಕೊಂಡು ಒಂದು ತಿಂಗಳು ಪಾಠ ಹೇಳಿಸಿಕೊಂಡರು. ಹೈಕೋರ್ಟಿಗೆ ಹೋದರು, ಕೇಸು ಒಂದು ಸಲ ವಾಪಸು ಬಂತು, ಮತ್ತೆ ಹೋದರು. ನಿಂಗರಾಜು ಒಳಗೆ ಹೋಗಿ ಎರಡು ವರ್ಷ ನಾಲ್ಕು ತಿಂಗಳಾದ ಮೇಲೆ ಹೈಕೋರ್ಟು ಕೇಳಲು ಒಪ್ಪಿತು. ಒಂದೇ ಷರತ್ತು. ‘ನಾನು ವಾಲ್ವು ತೆರೆಯಲಿಲ್ಲ’ ಅಂತ ಅಪರಾಧಿಯೇ ಪ್ರಮಾಣ ಮಾಡಿ ಸಹಿ ಹಾಕಿ ಅರ್ಜಿ ಕೊಡಬೇಕು. ಅವನೊಬ್ಬನದು ಗೆದ್ದರೆ ಉಳಿದ ಇನ್ನೂರ ಹದಿಮೂರು ಜನಕ್ಕೂ ದಾರಿಯಾಗುತ್ತದೆ ಅಂತ ಇಮ್ತಿಯಾಜ್ ಹೇಳಿದರು. ಅವತ್ತು ಎರಡು ವರ್ಷದಲ್ಲಿ ಮೊದಲ ಸಲ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಮಾರನೇ ಬುಧವಾರ ಮೂವರೂ ಜೈಲಿಗೆ ಹೋದೆವು, ನಾನು, ಇಮ್ತಿಯಾಜ್, ಪವಿತ್ರ. ಪವಿತ್ರ ಹೊಸ ಸೀರೆ ಉಟ್ಟಿದ್ದಳು. ದಾರಿಯಲ್ಲಿ, ಈಚೆಗೆ ಅವರು ಜಾಸ್ತಿ ಮಾತಾಡುತ್ತಿಲ್ಲ ಮೇಡಂ, ಏನಾದರೂ ಕೇಳಿದರೆ ಆಯ್ತು ಆಯ್ತು ಅನ್ನುತ್ತಾರೆ ಅಷ್ಟೇ ಅಂತ ಹೇಳಿದ್ದಳು. ಜೈಲಿನಲ್ಲಿ ದಿನಾ ಬೆಳಿಗ್ಗೆ ‘ನೆನಪಿನ ತರಗತಿ’ ನಡೆಯುತ್ತದೆ ಅನ್ನುವುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ತಪ್ಪು ನೆನಪಿರುವ ಕೈದಿಗಳಿಗೆ ಅವರವರ ಪೆಟ್ಟಿಗೆಯ ವರದಿ ಕೊಟ್ಟು, ಕಣ್ಣುಮುಚ್ಚಿಸಿ, ಅದು ನಡೆದ ಹಾಗೆ ಕಲ್ಪಿಸಿಕೊಳ್ಳಲು ಹೇಳುತ್ತಾರಂತೆ. ಹೊಡೆಯುವುದಿಲ್ಲ, ಬೈಯುವುದಿಲ್ಲ. ಬೋಧಿಸುವಾಕೆ ತುಂಬ ಮೃದು ಅಂತ ಜೈಲರು ಅಭಿಮಾನದಿಂದ ಹೇಳಿದರು.

ನಿಂಗರಾಜು ಬಂದು ಕೂತ. ಮೈಕೈ ತುಂಬಿಕೊಂಡಿದ್ದ, ಮುಖದಲ್ಲಿ ಕೋರ್ಟಿನಲ್ಲಿದ್ದ ಕಳವಳ ಇರಲಿಲ್ಲ. ನನಗೆ ಕೈಮುಗಿದ. ಇಮ್ತಿಯಾಜ್ ಅರ್ಜಿ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದು, ಎಲ್ಲಿ ಸಹಿ ಹಾಕಬೇಕು ಅಂತ ತೋರಿಸಿದರು. ಅವನು ಓದಿದ. ನಿಧಾನವಾಗಿ, ಬೆರಳಿಟ್ಟುಕೊಂಡು ಓದಿದ. ಆಮೇಲೆ ಕಾಗದವನ್ನು ನಮ್ಮ ಕಡೆಗೆ ಸರಿಸಿದ.

“ಇದು ಸುಳ್ಳಾಗುತ್ತೆ ಸಾರ್. ನಂಗೀಗ ನೆನಪಾಗೈತೆ.”

ಏನು ನೆನಪಾಗಿದೆ ಅಂತ ನಾನೇ ಕೇಳಿದೆ.

“ವಾಲ್ವ್ ಬಿಚ್ಚಿದ್ದು. ಚಕ್ರ ತಣ್ಣಗಿತ್ತು, ಕೈಗೆಲ್ಲ ಗ್ರೀಸ್ ಆಯ್ತು. ಹನ್ನೊಂದು ಸುತ್ತು, ಎಣಿಸ್ಕೊಂಡೇ ಬಿಚ್ಚಿದ್ದು. ಬಿಸಿಲು ಎಡಗಡೆಯಿಂದ ಬರ್ತಿತ್ತು, ನಾಲ್ಕೂ ಹತ್ತು ಇರ್ಬೇಕು. ಯಾಕೆ ಬಿಚ್ಚಿದ್ನೋ ಅದೊಂದು ಇನ್ನೂ ಬಂದಿಲ್ಲ.”

ಆ ನಾಲ್ಕೂ ಹತ್ತು ಎಲ್ಲಿಂದ ಬಂತು ಅಂತ ಅವನಿಗೆ ಹೇಳಿದೆ. ಅದು ನಡೆದ ಹೊತ್ತಲ್ಲ, ನಾನು ಅನುಕೂಲಕ್ಕೆ ಅಂತ ಬರೆದ ಒಂದು ಸಾಲು, ಆ ಸಾಲಿನಲ್ಲಿ ಕಡೆಯದು ಅನ್ನುವ ಬದಲು ಮೊದಲನೆಯದು ಅಂತ ಬರೆದಿದ್ದರೆ ಇವತ್ತು ಇಲ್ಲಿ ಬೇರೆ ಪಾಳಿಯವನು ಕೂತಿರುತ್ತಿದ್ದ ಅಂದೆ. ಬಕೆಟ್ಟಿನ ಪಾಠ ಹೇಳಿದೆ. ಬೇಡಿಕೊಂಡೆ. ವಾಲ್ವು ನೀವೇ ಬಿಚ್ಚಿರಬಹುದು, ಬಿಚ್ಚದೆಯೂ ಇರಬಹುದು ನಿಂಗರಾಜು, ಯಾರಿಗೂ ಗೊತ್ತಿಲ್ಲ, ಅಷ್ಟನ್ನಾದರೂ ಒಪ್ಪಿಕೊಳ್ಳಿ ಅಂದೆ. ಅವನು ನನ್ನನ್ನು ಮರುಕದಿಂದ ನೋಡುತ್ತಿದ್ದ.

“ನೀವು ಬರೆದಿದ್ದು ಸರಿಯಾಗೇ ಇತ್ತು ಬಿಡಿ ಮೇಡಂ, ಸುಮ್ನೆ ಕೊರಗ್ಬೇಡಿ. ಮೊದಮೊದಲು ನಂಗೂ ಹಿಂಗೇ ಆಗ್ತಿತ್ತು. ಮಾಡಿಲ್ಲ ಮಾಡಿಲ್ಲ ಅಂದ್ಕೊಂಡು ಒಂದು ವರ್ಷ ಕಣ್ಣು ಮುಚ್ಚಿಲ್ಲ. ಈಗ ಚೆನ್ನಾಗಿ ನಿದ್ದೆ ಬರುತ್ತೆ.”

ಮಗಳ ಜ್ವರದ ವಿಷಯ ಎತ್ತಿದ್ದು ಇಮ್ತಿಯಾಜ್. ಆ ಹೊತ್ತಿನಲ್ಲಿ ನೀವು ಮನೆಯಲ್ಲಿದ್ದಿರಿ, ಮಗುವಿಗೆ ಒದ್ದೆ ಬಟ್ಟೆ ಹಾಕುತ್ತಿದ್ದಿರಿ, ನಿಮ್ಮ ಹೆಂಡತಿ ಪ್ರಮಾಣ ಮಾಡಿ ಹೇಳಿದ್ದಾರಲ್ಲ ಅಂದರು. ನಿಂಗರಾಜು ತಲೆಯಾಡಿಸಿದ. ಅದು ಅದರ ಹಿಂದಿನ ವಾರ ಸಾರ್ ಅಂದ. ಇವಳು ಎರಡನ್ನೂ ಕಲಸಿಕೊಂಡಿದ್ದಾಳೆ, ನಾನೂ ಕಲಸಿಕೊಂಡಿದ್ದೆ, ತಪ್ಪೇನಿಲ್ಲ, ಎಲ್ಲರಿಗೂ ಆಗುತ್ತೆ ಅಂದ. ಹೇಳುತ್ತಾ ಮೇಜಿನ ಮೇಲಿದ್ದ ಪವಿತ್ರಳ ಕೈ ಮೇಲೆ ತನ್ನ ಕೈಯಿಟ್ಟ.

ನಾನು ಪವಿತ್ರಳ ಕಡೆ ತಿರುಗಿದೆ. ಈ ಲೋಕದಲ್ಲಿ ಆ ಮಂಗಳವಾರದ ಮುಕ್ಕಾಲು ನಾಲ್ಕನ್ನು ಗಟ್ಟಿಯಾಗಿ ಹಿಡಿದುಕೊಂಡು ಉಳಿದಿದ್ದವಳು ಅವಳೊಬ್ಬಳೇ. ಹೇಳಮ್ಮ, ನೀನಾದರೂ ಹೇಳು ಅಂದೆ. ಅವಳು ಗಂಡನ ಮುಖ ನೋಡಿದಳು. ಎರಡು ವರ್ಷದ ಮೇಲೆ ಅವನು ಅವಳನ್ನು ಮುಟ್ಟಿದ್ದು ಅವತ್ತೇ ಇರಬೇಕು.

“ಆ ತಿಂಗಳು ಪಾಪುಗೆ ಎರಡು ಸಲ ಜ್ವರ ಬಂದಿತ್ತು ಮೇಡಂ,” ಅಂದಳು ಕಡೆಗೆ. “ಹಿಂದಿನ ವಾರನೂ ಇರಬಹುದೇನೋ.”

ಇಮ್ತಿಯಾಜ್ ಪೆನ್ನಿಗೆ ಮುಚ್ಚಳ ಹಾಕಿದರು. ನಿಂಗರಾಜು ನನ್ನ ಕಡೆ ನೋಡಿ ನಕ್ಕ. ಅಷ್ಟು ಹಗುರವಾಗಿ ನಕ್ಕವರನ್ನು ನಾನು ಆ ಎರಡು ವರ್ಷದಲ್ಲಿ ನೋಡಿರಲಿಲ್ಲ.

“ನೋಡಿದ್ರಾ ಮೇಡಂ,” ಅಂದ. “ಇವಳಿಗೂ ನೆನಪಾಯ್ತು.”